ಮಾನವ ಕಳ್ಳಸಾಗಣೆಯಿಂದ ಪಾರಾದ ಮಕ್ಕಳಿಗೆ ಔದ್ಯೋಗಿಕ ಚಿಕಿತ್ಸೆ

ಸಾಗಣೆ ಜಾಲದಿಂದ ಬಿಡುಗಡೆಯಾದ ಮಕ್ಕಳನ್ನೂ ಹರೆಯದವರನ್ನೂ ಕಾಡುವ ಆಘಾತೋತ್ತರ ಒತ್ತಡದ ಕಾಯಿಲೆಗೆ (ಪಿಟಿಎಸ್‌ಡಿ) ದಿನನಿತ್ಯದ ಚಟುವಟಿಕೆಗಳ ಮೂಲಕ ನೀಡುವ ಆರೈಕೆ. ಭಾರತದಲ್ಲಿ ಔದ್ಯೋಗಿಕ ಚಿಕಿತ್ಸೆಯ (ಆಕ್ಯುಪೇಷನಲ್ ಥೆರಪಿ) ಶಿಕ್ಷಣವನ್ನು 1950ರಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಕಮಲಾ ನಿಂಬ್ಕರ್ ಆರಂಭಿಸಿದರು.

ಬೆಂಗಳೂರಿನ ರಾಜಾಜಿನಗರದ ಮನೆಗೆಲಸದಿಂದ ಬಿಡಿಸಿದರೂ ಕೆಂಗೇರಿಯ ಕಾರ್ಖಾನೆಯಿಂದ ಬಿಡಿಸಿದರೂ, ಬಾಲನ್ಯಾಯ ಕಾಯ್ದೆ 2015ರ ಪ್ರಕಾರ ಪ್ರಯಾಣದ ಅವಧಿ ಬಿಟ್ಟು 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಪಾಲನಾ ಸಂಸ್ಥೆಗೆ ಸೇರಿದ ಮೇಲೂ ಭಯ ಕರಗದಿದ್ದರೆ ನಗರದಲ್ಲಿ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗವಿದೆ. ಪಿಟಿಎಸ್‌ಡಿಗೆ ಆಘಾತ ಕೇಂದ್ರಿತ ಮನೋಚಿಕಿತ್ಸೆಯೇ ಮುಖ್ಯ. ಔದ್ಯೋಗಿಕ ಚಿಕಿತ್ಸೆ ಅದರ ಜೊತೆಗೆ ನಡೆಯಬೇಕಾದದ್ದು, ಬದಲಿಯಲ್ಲ.

ಚಿಕಿತ್ಸಕರು ಮೊದಲು ನೋಡುವುದು ನಿದ್ದೆ, ಸ್ನಾನ, ಊಟ. ಹೊರಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ತಿಂಗಳುಗಟ್ಟಲೆ ಕಳೆದ ಹುಡುಗಿಗೆ ಬಚ್ಚಲಿನ ಬಾಗಿಲು ಮುಚ್ಚುವುದೇ ಕಷ್ಟವಾಗಬಹುದು. ಯಾವುದೋ ಸೆಂಟಿನ ವಾಸನೆಗೆ ಮೈ ನಡುಗಬಹುದು. ಏನು ಕೆರಳಿಸುತ್ತದೆ, ಏನು ತಣಿಸುತ್ತದೆ ಎಂದು ಆಕೆಯೊಂದಿಗೇ ಕೂತು ಗುರುತಿಸಿ ದಿನಚರಿ ಹೆಣೆಯುತ್ತಾರೆ. ಹೊರಗಿನ ಓಡಾಟವೂ ಹಂತಹಂತವಾಗಿಯೇ. ವಿಜಯನಗರದಲ್ಲಿರುವವಳು ಮೊದಲು ಜೊತೆಗಾರರೊಂದಿಗೆ ಮೆಟ್ರೊ ಹತ್ತಿ ಮುಂದಿನ ನಿಲ್ದಾಣವಾದ ಅತ್ತಿಗುಪ್ಪೆಗೆ ಹೋಗಿ ಬರಬಹುದು. ಮೆಜೆಸ್ಟಿಕ್‌ನ ಜನಜಂಗುಳಿ ಬಹಳ ಆಮೇಲಿನ ಮಾತು. ಬೇಡವೆಂದರೆ ಅಂದಿನ ಪ್ರಯಾಣ ಅಲ್ಲಿಗೇ ನಿಲ್ಲುತ್ತದೆ. ಬೇಡ ಎನ್ನುವ ಹಕ್ಕನ್ನೇ ಕಸಿದುಕೊಂಡಿದ್ದವರಿಗೆ ಆ ನಿಲುಗಡೆಯೇ ಚಿಕಿತ್ಸೆಯ ಭಾಗ.

ಪುನರ್ವಸತಿ ಎಂದರೆ ಹೊಲಿಗೆ ಯಂತ್ರ ಎಂಬ ರೂಢಿ ನಮ್ಮಲ್ಲಿ ಬಲವಾಗಿದೆ. ಮೈಸೂರು ರಸ್ತೆ, ಪೀಣ್ಯದ ಗಾರ್ಮೆಂಟ್ಸ್‌ಗಳಲ್ಲಿ ಕೆಲಸ ಸಿಗುತ್ತದೆಂಬ ಲೆಕ್ಕಾಚಾರ ಅರ್ಥವಾಗುವಂಥದ್ದೇ. ಆದರೆ ದುಡಿಮೆಯ ಹೆಸರಲ್ಲೇ ಮೋಸ ಹೋದವರಿಗೆ ಆಯ್ಕೆಯಿಲ್ಲದ ಇನ್ನೊಂದು ದುಡಿಮೆ ಹೊರಿಸಿದರೆ ಗಾಯ ಕೆದಕಿದಂತಾಗುತ್ತದೆ. ಓದು, ಅಡುಗೆ, ಚಿತ್ರಕಲೆ, ಹೊಲಿಗೆ ಯಾವುದೇ ಇರಲಿ, ಆರಿಸುವವರು ಅವರೇ ಆಗಬೇಕು. ಏನೂ ಮಾಡದೆ ಆಡಿಕೊಂಡಿರುವುದಕ್ಕೂ ಮಗುವಿಗೆ ಹಕ್ಕಿದೆ.

ಹದಿನೆಂಟು ತುಂಬಿ ಸಂಸ್ಥೆಯಿಂದ ಹೊರಬಂದವರಿಗೆ 21ರವರೆಗೆ ಆರ್ಥಿಕ ನೆರವು ನೀಡಲು ಕಾಯ್ದೆಯಲ್ಲಿ ಅವಕಾಶವಿದೆ. ಬಾಡಿಗೆ ಮನೆ, ಬ್ಯಾಂಕ್ ಖಾತೆ, ತಿಂಗಳ ಖರ್ಚು ಕಲಿಯುವ ಕಾಲವದು. ಕೋರ್ಟಿನಲ್ಲಿ ಸಾಕ್ಷಿ ಹೇಳುವ ದಿನ ಹತ್ತಿರವಾದಂತೆ ದುಃಸ್ವಪ್ನಗಳು ಮರುಕಳಿಸಬಹುದಾದ್ದರಿಂದ, ಆ ವಾರಗಳ ದಿನಚರಿಯನ್ನು ಮುಂಚಿತವಾಗಿಯೇ ಸಡಿಲಗೊಳಿಸಿಡಬೇಕು.