ಪರದೆ ಬರೆದವರ ಹೆಸರು

ಕೆಂಕೆರೆ, ತಿಪಟೂರು ಸೀಮೆಯ ಹಳ್ಳಿಗಳ ಪೌರಾಣಿಕ ನಾಟಕದ ಕರಪತ್ರದಲ್ಲಿ ಭೀಮ, ದುರ್ಯೋಧನರ ಪಾತ್ರಧಾರಿಗಳ ಹೆಸರಿರುತ್ತದೆ. ಸೀನರಿ ಬಾಡಿಗೆಗೆ ಕೊಟ್ಟವರ ಹೆಸರೂ ಇರುತ್ತದೆ. ಆ ಅರಮನೆ, ಕಾಡುಗಳನ್ನು ಬರೆದ ಕೈ ಯಾರದು ಎಂಬುದು ಮಾತ್ರ ಇರುವುದಿಲ್ಲ. ಇದಕ್ಕೊಂದು ಚರಿತ್ರೆ ಇದೆ ಎಂದು ನನಗನ್ನಿಸುತ್ತದೆ.

ಇದೇ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ನಾಟಕ ಕಂಪನಿ ಹುಟ್ಟಿತು. ವೀರಣ್ಣನವರ ಕಾಲಕ್ಕೆ ಅದೊಂದು ದೊಡ್ಡ ಸಂಸಾರ. ಅಂಥ ಕಂಪನಿಗಳಲ್ಲಿ ನಟರ ಜೊತೆ ಪರದೆ ಬರೆಯುವವರಿಗೂ ಊಟ, ಕೆಲಸ, ಒಡನಾಟವಿತ್ತು. ಸಿನಿಮಾ ಬಂದು ಕಂಪನಿಗಳು ಕುಗ್ಗಿದಾಗ ಕುಂಚ ಉಳಿಯಿತು, ಕೂಟ ಚದುರಿತು. ಮುಂದೆ ಉಳಿದದ್ದು ಅಂಗಡಿ ಬೋರ್ಡು, ಗೋಡೆ ಜಾಹೀರಾತು, ಲಾರಿಯ ಹಿಂಬದಿ: ಒಬ್ಬೊಬ್ಬರೇ ದುಡಿಯುವ ಕೆಲಸ.

ಮುಂಬಯಿಯ ದಾರಿ ಬೇರೆ. ಅಲ್ಲಿನ ಜೆ.ಜೆ. ಕಲಾಶಾಲೆ 1935ರಲ್ಲಿ ವಾಣಿಜ್ಯ ಕಲೆಯ ವಿಭಾಗ ತೆರೆಯಿತು. 1948ರಲ್ಲಿ ಕಲಾವಿದರು ‘ಕಮರ್ಷಿಯಲ್ ಆರ್ಟಿಸ್ಟ್ಸ್ ಗಿಲ್ಡ್’ ಕಟ್ಟಿಕೊಂಡರು. ಪ್ರದರ್ಶನ, ಬಹುಮಾನಗಳ ಮೂಲಕ ಅದು ಜಾಹೀರಾತಿಗೂ ಒಬ್ಬ ಕರ್ತೃವಿದ್ದಾನೆ ಎಂದು ತೋರಿಸಿತು.

ನಮ್ಮ ಊರುಗಳಿಗೆ ಫ್ಲೆಕ್ಸ್ ಬಂದಾಗ ಬೋರ್ಡು ಬರೆಯುವವರು ಒಂಟಿಯಾಗಿದ್ದರು. ಕೆಲಸದ ಜೊತೆ, ಉದ್ದನೆಯ ಹೆಸರನ್ನು ಒತ್ತಕ್ಷರ ಕೆಡದಂತೆ ಸಣ್ಣ ಹಲಗೆಯಲ್ಲಿ ಕೂರಿಸುವ ವಿದ್ಯೆಯೂ ಹೋಗುತ್ತಿದೆ. ಇಂದು ಹೊಸ ಕೂಟ ಕಟ್ಟುವವರಿಗೆ ಕಟ್ಟಡ ಬೇಡ, ನಿಧಿಯೂ ಆಮೇಲೆ ಬರಲಿ. ಯಾರು ಏನು ಬರೆದರು, ಎಷ್ಟಕ್ಕೆ ಬರೆದರು, ಯಾರಿಂದ ಕಲಿತರು ಎಂಬುದನ್ನು ದಾಖಲಿಸಿದರೆ ಸಾಕು. ಸಂಘ ಅಲ್ಲಿಂದಲೇ ಶುರು.