ಹಿಂದಿನವರ ಹಿಟ್ಟು ಗಿರಣಿಯಲ್ಲಿ ಉಳಿದಾಗ

ವಿಜಯಪುರದ ಓಣಿಗಳಲ್ಲಾಗಲಿ, ತಿಕೋಟಾ, ಬಬಲೇಶ್ವರದ ಕಡೆಯಾಗಲಿ, ಹಿಟ್ಟಿನ ಗಿರಣಿಗೆ ಹೋದವರಿಗೆ ಈ ಮಾತು ಹೊಸದಲ್ಲ: ‘ಅಣ್ಣಾ, ಜ್ವಾಳದ ಮ್ಯಾಲ ನನ್ನ ಗೋದಿ ಹಾಕಬ್ಯಾಡ್ರಿ.’ ಡಬ್ಬಿ ಬದಲಾದರೂ ಹಿಂದಿನವರ ಹಿಟ್ಟು ಒಂದಿಷ್ಟು ಗಿರಣಿಯೊಳಗೆ ಉಳಿದೇ ಇರುತ್ತದೆ. ಗಣಕಯಂತ್ರದೊಳಗೂ ಹೀಗೆ ‘ಹಿಟ್ಟು’ ಉಳಿಯುತ್ತದೆಂಬುದು 2018ರಲ್ಲಿ ಜಗತ್ತಿಗೆ ತಿಳಿಯಿತು.

ಪ್ರೊಸೆಸರ್ ಲೆಕ್ಕ ಮಾಡುವಾಗ ಅಂಕಿಗಳನ್ನು ರಿಜಿಸ್ಟರ್ ಎಂಬ ಪುಟ್ಟ ಖಾನೆಗಳಲ್ಲಿ ಇಟ್ಟುಕೊಳ್ಳುತ್ತದೆ. ಖಾನೆಗಳು ಕೆಲವೇ, ಬಳಸುವ ಪ್ರೋಗ್ರಾಮುಗಳು ಹಲವು. ಒಂದರ ಪಾಳಿ ಮುಗಿದೊಡನೆ ಅದರ ಅಂಕಿಗಳನ್ನು ಮೆಮೊರಿಯಲ್ಲಿ ಜೋಪಾನ ಮಾಡಿ, ಮುಂದಿನದರ ಅಂಕಿಗಳನ್ನು ತುಂಬಬೇಕು. ಇದು ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನೆಲ್‌ನ ಕೆಲಸ. ಒಂದು ಅಂಕಿ ತಪ್ಪಿದರೂ ಅರ್ಧಕ್ಕೆ ನಿಂತ ಲೆಕ್ಕ ಕೆಟ್ಟಿತೆಂದೇ ಅರ್ಥ.

ಹಲವರು ಏಕಕಾಲಕ್ಕೆ ಒಂದೇ ಯಂತ್ರ ಬಳಸುವ ಸಿಟಿಎಸ್‌ಎಸ್ ವ್ಯವಸ್ಥೆಯನ್ನು ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು 1961ರ ನವೆಂಬರ್‌ನಲ್ಲಿ ತೋರಿಸಿದರು. ಅಂಥ ವ್ಯವಸ್ಥೆಗಳು ಹರಡಿದಂತೆ ಪಾಳಿ ಬದಲಾವಣೆ ಗಣಕದ ನಿತ್ಯಕರ್ಮವಾಯಿತು.

1980ರಲ್ಲಿ ಇಂಟೆಲ್ ಕಂಪನಿಯ 8087 ಚಿಪ್ ಬಂತು. ದಶಮಾಂಶ ಲೆಕ್ಕಕ್ಕೆಂದೇ ಅದರಲ್ಲಿ 80 ಬಿಟ್‌ಗಳ ಎಂಟು ದೊಡ್ಡ ಖಾನೆಗಳಿದ್ದವು. ಇವನ್ನು ಬಳಸುವ ಪ್ರೋಗ್ರಾಮುಗಳು ಆಗ ವಿರಳ. ಪ್ರತಿ ಪಾಳಿಗೂ ಇವುಗಳ ಅಂಕಿ ಸಾಗಿಸುವುದು ವ್ಯರ್ಥ ಶ್ರಮ ಎನಿಸಿತು. 1982ರ 80286 ಪ್ರೊಸೆಸರ್ ಇದಕ್ಕೊಂದು ಉಪಾಯ ಒದಗಿಸಿತು. ಹಳೆಯ ಅಂಕಿಗಳನ್ನು ಅಲ್ಲಿಯೇ ಬಿಡುವುದು. ಹೊಸ ಪ್ರೋಗ್ರಾಮು ಆ ಖಾನೆಗೆ ಕೈ ಹಾಕಿದರೆ ಮಾತ್ರ ಪ್ರೊಸೆಸರ್ ಗಂಟೆ ಬಾರಿಸುವುದು. ಆಗ ಕರ್ನೆಲ್ ಬಂದು ಅಂಕಿ ಬದಲಿಸುವುದು. ಈ ‘ಸೋಮಾರಿ’ ಪದ್ಧತಿ ದಶಕಗಳ ಕಾಲ ಜಾಣತನವೆಂದೇ ಹೆಸರಾಯಿತು.

ಆದರೆ ಕಾಲ ಬದಲಾಗಿತ್ತು. ದಶಮಾಂಶ ಲೆಕ್ಕದ ಈ ಖಾನೆಗಳ ಬಳಗಕ್ಕೆ ಬಳಿಕ ಇನ್ನೂ ದೊಡ್ಡ ಖಾನೆಗಳು ಸೇರಿದ್ದವು. ಗುಪ್ತಲಿಪಿಯ ಕೀಲಿಗಳೂ ಅವುಗಳಲ್ಲೇ ಕೂರತೊಡಗಿದ್ದವು. ಇತ್ತ ಪ್ರೊಸೆಸರ್‌ಗಳು ವೇಗಕ್ಕಾಗಿ ಮುಂದಿನ ಕೆಲಸವನ್ನು ಊಹಿಸಿ ಮೊದಲೇ ಮಾಡುವುದನ್ನು ಕಲಿತಿದ್ದವು. ಗಂಟೆ ಬಾರಿಸುವ ಮುನ್ನವೇ ಹಿಂದಿನವರ ಅಂಕಿ ಹಿಡಿದು ಕೆಲಸ ಶುರು ಮಾಡುತ್ತಿದ್ದವು. ಆ ಕೆಲಸ ರದ್ದಾದರೂ ಕ್ಯಾಶ್ ಎಂಬ ವೇಗದ ಮೆಮೊರಿಯಲ್ಲಿ ಸುಳಿವು ಉಳಿಯುತ್ತಿತ್ತು. ಸಮಯವನ್ನು ಸೂಕ್ಷ್ಮವಾಗಿ ಅಳೆದರೆ ಆ ಸುಳಿವಿನಿಂದ ಅಂಕಿಯನ್ನೇ ಪತ್ತೆ ಮಾಡಬಹುದಿತ್ತು. ಇಂಟೆಲ್ ಕೋರ್ ಸರಣಿಯ ಪ್ರೊಸೆಸರ್‌ಗಳಲ್ಲಿನ ಈ ಬಿರುಕು 2018ರ ಜೂನ್‌ನಲ್ಲಿ ಬಯಲಾಯಿತು. ಜೂಲಿಯನ್ ಸ್ಟೆಕ್ಲಿನಾ ಮತ್ತು ಥಾಮಸ್ ಪ್ರೆಷರ್ ಅದರ ವಿವರ ಬರೆದರು. ‘ಲೇಜಿ ಎಫ್‌ಪಿ’ ಎಂದು ಅದಕ್ಕೆ ಹೆಸರಾಯಿತು.

ಪರಿಹಾರ ಸರಳವಾಗಿತ್ತು: ಸೋಮಾರಿತನ ಬಿಟ್ಟು ಪ್ರತಿ ಪಾಳಿಗೂ ಎಲ್ಲ ಖಾನೆ ಬದಲಿಸುವುದು. ಲಿನಕ್ಸ್ 2016ರ ಹೊತ್ತಿಗೇ ಆ ದಾರಿ ಹಿಡಿದಿತ್ತು. ಆ ಖಾನೆಗಳನ್ನು ಈಗ ಬಹುತೇಕ ಎಲ್ಲ ಪ್ರೋಗ್ರಾಮುಗಳೂ ಬಳಸುವುದರಿಂದ ಹಳೆಯ ಉಳಿತಾಯಕ್ಕೆ ಅರ್ಥವೂ ಉಳಿದಿರಲಿಲ್ಲ.

ಗಿರಣಿಯಲ್ಲಿ ಉಳಿದ ಹಿಟ್ಟಿನಿಂದ ರೊಟ್ಟಿಯ ರುಚಿ ಕೆಟ್ಟೀತು, ಅಷ್ಟೆ. ಗಣಕದಲ್ಲಿ ಉಳಿದ ಅಂಕಿ ಯಾರದೋ ತಿಜೋರಿಯ ಕೀಲಿಯೇ ಆಗಿರಬಹುದು.