ಊರಿಗೆ ಹೋದ ಉಪನ್ಯಾಸ

ಪ್ರವೇಶಪತ್ರ, ಪರೀಕ್ಷೆ, ಪದವಿ ಇವುಗಳ ಆಚೆಗಿರುವ ಜನಕ್ಕೂ ವಿಶ್ವವಿದ್ಯಾನಿಲಯಕ್ಕೂ ಏನು ಸಂಬಂಧ? 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಈ ಪ್ರಶ್ನೆಗೆ ಕಂಡುಕೊಂಡ ಉತ್ತರ ಸರಳವಾಗಿತ್ತು. ಅಧ್ಯಾಪಕರು ಊರುಗಳಿಗೆ ಹೋಗಿ ಕನ್ನಡದಲ್ಲಿ ಮಾತನಾಡಬೇಕು. ಆ ಮಾತು ಚಿಕ್ಕ ಪುಸ್ತಕವಾಗಿ ಅಗ್ಗದ ಬೆಲೆಗೆ ಜನರ ಕೈಸೇರಬೇಕು. ‘ಪ್ರಚಾರೋಪನ್ಯಾಸ’ ಎಂದು ಹೆಸರಾದ ಈ ಕಾರ್ಯದಿಂದ ಹಳ್ಳಿಯವರು ಏನು ಕಲಿತರು ಎಂದು ಕೇಳುವುದು ವಾಡಿಕೆ. ಹಳ್ಳಿಗೆ ಹೋದವರು ಏನು ಕಲಿತರು ಎಂದು ಕೇಳುವವರು ಕಡಿಮೆ.

ಇಂಥ ಉಪನ್ಯಾಸಗಳ ಮೂಲ ಇಂಗ್ಲೆಂಡಿನಲ್ಲಿದೆ. 1867ರಲ್ಲಿ ಕೇಂಬ್ರಿಜ್‌ನ ಯುವ ಅಧ್ಯಾಪಕ ಜೇಮ್ಸ್ ಸ್ಟುವರ್ಟ್ ಉತ್ತರದ ಕೈಗಾರಿಕಾ ನಗರಗಳಿಗೆ ಹೋಗಿ, ಕಾಲೇಜಿನ ಬಾಗಿಲು ತಮಗೆ ತೆರೆದಿರದಿದ್ದ ಮಹಿಳೆಯರಿಗೆ ಪಾಠ ಹೇಳತೊಡಗಿದ. ಆಮೇಲೆ ಕಾರ್ಮಿಕರ ಸರದಿ. ರಾಕ್‌ಡೇಲ್ ಊರಿನ ಸಹಕಾರ ಸಂಘದಲ್ಲಿ ಒಂದು ದಿನ ಉಪನ್ಯಾಸ ಮುಗಿದ ಮೇಲೆ ಆತ ತನ್ನ ಚಿತ್ರಪಟಗಳನ್ನು ಗೋಡೆಯಲ್ಲೇ ಬಿಟ್ಟುಹೋದ. ಮುಂದಿನ ವಾರ ಬಂದಾಗ, ಜನ ಆ ಪಟಗಳ ಮುಂದೆ ನಿಂತು ಚರ್ಚೆ ಮಾಡಿದ್ದಾರೆ, ಕೇಳಬೇಕಾದ ಪ್ರಶ್ನೆಗಳು ಅವರಲ್ಲಿ ಬಹಳ ಇವೆ ಎಂದು ತಿಳಿಯಿತು. ಉಪನ್ಯಾಸದ ಜೊತೆಗೆ ಪ್ರಶ್ನೋತ್ತರವೂ ಇರಬೇಕೆಂಬ ಪದ್ಧತಿ ಹೀಗೆ ಬೇರೂರಿತು. 1873ರಲ್ಲಿ ಕೇಂಬ್ರಿಜ್ ಈ ಕೆಲಸವನ್ನು ತನ್ನದಾಗಿ ಒಪ್ಪಿಕೊಂಡಿತು.

ಆದರೆ ಸ್ಟುವರ್ಟನಿಗೆ ಇಲ್ಲದಿದ್ದ ಒಂದು ತೊಡಕು ಮೈಸೂರಿನವರಿಗೆ ಇತ್ತು. ಅವನು ಕಲಿತ ಭಾಷೆಯೂ ಕೇಳುಗರ ಭಾಷೆಯೂ ಒಂದೇ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ನಡೆಯುತ್ತಿದ್ದುದು ಇಂಗ್ಲಿಷಿನಲ್ಲಿ. ಕನ್ನಡ ಎಂ.ಎ. ತರಗತಿ ಆರಂಭವಾದದ್ದೇ 1927ರಲ್ಲಿ. ಅದರ ಮೊದಲ ತಂಡದಲ್ಲಿ ಕುವೆಂಪು ಇದ್ದರು. ಇತಿಹಾಸವನ್ನೋ ಭೌತಶಾಸ್ತ್ರವನ್ನೋ ಕನ್ನಡದಲ್ಲಿ ಹೇಳುವ ಅಭ್ಯಾಸ ಹೆಚ್ಚಿನ ಪ್ರಾಧ್ಯಾಪಕರಿಗೆ ಇರಲಿಲ್ಲ. ಅದರ ಅಗತ್ಯವೂ ಹಲವರಿಗೆ ತೋರಿರಲಿಲ್ಲ.

ದಾರಿ ತೀರ ಹೊಸದೇನೂ ಆಗಿರಲಿಲ್ಲ, ನಿಜ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರೊಡನೆ ಸೇರಿ 1918ರಲ್ಲಿಯೇ ‘ವಿಜ್ಞಾನ’ ಎಂಬ ಮಾಸಪತ್ರಿಕೆ ತಂದಿದ್ದರು. ಅದು ನಡೆದದ್ದು ಎರಡು ವರ್ಷ ಮಾತ್ರ. ಅದೇ ಕಾಲೇಜಿನ ಕರ್ಣಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ವನ್ನು ಹೊರಡಿಸಿದರು. ಇವೆರಡೂ ಓದು ಬಲ್ಲವರಿಗೆ. 1931ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಹತ್ತರ ಆಸುಪಾಸಿನಲ್ಲಿದ್ದರು. ಉಳಿದ ತೊಂಬತ್ತು ಜನರನ್ನು ಮುಟ್ಟಲು ಬಾಯಿಮಾತೇ ಬೇಕಿತ್ತು.

ಕೇಳುವುದಂತೂ ಈ ಊರುಗಳಿಗೆ ಹೊಸ ವಿದ್ಯೆಯಲ್ಲ. ಕುಮಾರವ್ಯಾಸ ಭಾರತವನ್ನು ಒಬ್ಬರು ರಾಗವಾಗಿ ಓದಿ ಇನ್ನೊಬ್ಬರು ಅರ್ಥ ಹೇಳುವ ಗಮಕ, ರಾತ್ರಿಯಿಡೀ ನಡೆಯುವ ಹರಿಕಥೆ, ಯಕ್ಷಗಾನದ ವಾದ ಪ್ರತಿವಾದ ಇವೆಲ್ಲ ಕೇಳಿ ಹದಗೊಂಡ ಕಿವಿ ಅವು. ಚೆನ್ನಾಗಿ ಹೇಳುವುದೆಂದರೆ ಏನು ಎಂಬುದು ಅಕ್ಷರ ಬಾರದವರಿಗೂ ಗೊತ್ತಿತ್ತು. ಇಂಥವರ ಮುಂದೆ ಇಂಗ್ಲಿಷ್ ಟಿಪ್ಪಣಿಯನ್ನು ಅಕ್ಷರಶಃ ಕನ್ನಡಿಸಿ ಒಪ್ಪಿಸಿದರೆ ನಡೆಯುವುದಿಲ್ಲ. ‘ಗುರುತ್ವಾಕರ್ಷಣೆ’ ಎಂದು ಬರೆದುಬಿಡುವುದು ಸುಲಭ; ಕೇಳುಗರ ಮುಖ ಎದುರಿಗಿದ್ದಾಗ ‘ಭೂಮಿಯ ಸೆಳೆತ’ ಎನ್ನಲೇಬೇಕಾಗುತ್ತದೆ. ಪಾರಿಭಾಷಿಕ ಪದವನ್ನು ಸಮಿತಿ ರಚಿಸಬಹುದು. ಆ ಪದದ ಸುತ್ತ ಬೇಕಾದ ವಾಕ್ಯವನ್ನು, ಹೋಲಿಕೆಯನ್ನು, ನಡುವೆ ನಗಿಸುವ ಒಂದು ಮಾತನ್ನು ಸಮಿತಿ ರಚಿಸಲಾರದು. ಬಿ.ಎಂ.ಶ್ರೀ.ಯವರಂಥ ವಿದ್ವಾಂಸರು ದುಡಿದ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಹೊರಬಂತು. ಶಾಸ್ತ್ರ ಹೇಳುವ ಗದ್ಯದ ಪಳಗಿಕೆಯಾದರೂ ನಡೆದದ್ದು ಇಂಥ ಸಭೆಗಳಲ್ಲಿ ಮತ್ತು ಅವುಗಳಿಂದ ಹುಟ್ಟಿದ ಕಿರುಹೊತ್ತಗೆಗಳಲ್ಲಿ. 1956ರಿಂದ 1960ರವರೆಗೆ ಕುಲಪತಿಯಾಗಿದ್ದ ಕುವೆಂಪು ಕಾಲೇಜು ಪಾಠಗಳೂ ಕನ್ನಡದಲ್ಲಿ ನಡೆಯಬಲ್ಲವು ಎಂದು ಹಟ ಹಿಡಿದಾಗ, ಅದು ಬರೀ ಅಭಿಮಾನದ ಮಾತಾಗಿರಲಿಲ್ಲ. ಬೆನ್ನಿಗೆ ಎರಡು ದಶಕಗಳ ಬಳಕೆ ಇತ್ತು.

ಇದನ್ನು ತೀರ ಹಾಡಿ ಹೊಗಳಬೇಕಾಗಿಲ್ಲ. ಸಭೆ ಶಾಲೆಯ ಅಂಗಳದಲ್ಲೋ ದೇವಸ್ಥಾನದ ಜಗಲಿಯ ಮೇಲೋ ಎಂಬುದರ ಮೇಲೆಯೇ ಯಾರು ಬಂದು ಕೂರಬಹುದು, ಯಾರು ದೂರ ನಿಲ್ಲಬೇಕು ಎಂಬುದು ತೀರ್ಮಾನವಾಗುತ್ತಿದ್ದ ಕಾಲವದು. ಮಾತು ಕನ್ನಡದಲ್ಲಿದ್ದ ಮಾತ್ರಕ್ಕೆ ಎಲ್ಲರ ಕಿವಿಗೂ ಬೀಳುತ್ತಿರಲಿಲ್ಲ. ಇನ್ನು ಸ್ವಾಗತ, ಹಾರ, ಅಧ್ಯಕ್ಷ ಭಾಷಣ, ವಂದನಾರ್ಪಣೆಗಳ ನಡುವೆ ರಾಕ್‌ಡೇಲಿನ ಕಾರ್ಮಿಕರಂತೆ ಪ್ರಶ್ನೆ ಕೇಳಲು ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ಯಾವುದೇ ಕನ್ನಡ ಸಮಾರಂಭಕ್ಕೆ ಹೋದವರಿಗೆ ತಿಳಿದದ್ದೇ.

ಉತ್ತರದಲ್ಲಿ ಈ ಕೆಲಸಕ್ಕೆ ಇನ್ನೊಂದು ಭಾರವೂ ಸೇರಿತು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ 1950ರಲ್ಲಿ ಧಾರವಾಡಕ್ಕೆ ಬಂತು. ಆಗ ಕನ್ನಡ ನಾಡು ಇನ್ನೂ ಒಂದಾಗಿರಲಿಲ್ಲ, ಏಕೀಕರಣವಾದದ್ದು 1956ರಲ್ಲಿ. 1952ರಲ್ಲಿ ಅದರ ವ್ಯಾಸಂಗ ವಿಸ್ತರಣ ವಿಭಾಗದ ಹೊಣೆ ಹೊತ್ತ ಕವಿ ಚೆನ್ನವೀರ ಕಣವಿಯವರು ಮುಂದೆ ಪ್ರಸಾರಾಂಗದ ನಿರ್ದೇಶಕರಾಗಿ 1983ರವರೆಗೆ ಅಲ್ಲಿಯೇ ದುಡಿದರು. ಅಲ್ಲಿಂದ ಹೊರಟ ಉಪನ್ಯಾಸ ಗ್ರಂಥಮಾಲೆಯ ಪುಸ್ತಿಕೆಗಳು ಅಂಗಿಯ ಜೇಬಿಗೆ ಹಿಡಿಸುವಂಥವು. ಮೂರು ದಶಕಗಳ ಕಾಲ ಒಬ್ಬ ಒಳ್ಳೆಯ ಕವಿ ಇತರರ ಉಪನ್ಯಾಸಗಳನ್ನು ಏರ್ಪಡಿಸುತ್ತ, ಅಚ್ಚಿಗೆ ಕಳುಹಿಸುತ್ತ ಕಳೆದನೆಂದರೆ ಕಾವ್ಯಕ್ಕೆ ನಷ್ಟವಾಯಿತೆಂದು ಕೆಲವರಿಗೆ ತೋರಬಹುದು. ಕಣವಿಯವರ ಕವನ ಸಂಕಲನಗಳನ್ನು ನೋಡಿದರೆ ಹಾಗೆನಿಸುವುದಿಲ್ಲ.

1991ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ಚಂದ್ರಶೇಖರ ಕಂಬಾರರು ಮೊದಲ ಕುಲಪತಿಯಾದಾಗ ಈ ಸಂಬಂಧ ಇನ್ನೊಂದು ಮಗ್ಗುಲಿಗೆ ಹೊರಳಿತು. ಅಲ್ಲಿ ಘಟಿಕೋತ್ಸವಕ್ಕೆ ‘ನುಡಿಹಬ್ಬ’ ಎಂದು ಹೆಸರು. ಗೌರವ ಪದವಿಗೆ ‘ನಾಡೋಜ’ ಎಂದು. ಅಲೆಮಾರಿ ಬುಡ್ಗ ಜಂಗಮ ಸಮುದಾಯದ ದರೋಜಿ ಈರಮ್ಮ ಓದು ಬರಹ ಕಲಿತವರಲ್ಲ. ಬುರ್ರಕಥೆಯ ದೀರ್ಘ ಕಾವ್ಯಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. ಆಕೆಗೆ ಆ ವಿಶ್ವವಿದ್ಯಾಲಯ ನಾಡೋಜ ಪದವಿ ಕೊಟ್ಟಿತು. ಆಕೆ ಹಾಡಿದ್ದನ್ನು ಪಂಡಿತರು ಕೂತು ಕೇಳಿ ಬರೆದುಕೊಂಡರು.